ಮೊಟ್ಟೆ, ಬ್ಯಾಟರಿ ಮತ್ತು ನಂಬಿಕೆ

ಶಿಡ್ಲಘಟ್ಟದ ರೇಷ್ಮೆಗೂಡಿನ ಮಾರುಕಟ್ಟೆಗೆ ಬರುವ ರೀಲರ್ ಗೂಡನ್ನು ಕೈಗೆತ್ತಿಕೊಂಡು ಅದುಮಿ ನೋಡುತ್ತಾನೆ, ಕಿವಿಯ ಬಳಿ ಹಿಡಿದು ಅಲುಗಿಸುತ್ತಾನೆ. ಚಿಂತಾಮಣಿಯಲ್ಲಿ ಟೊಮೆಟೊ ಕೊಳ್ಳುವವರಿಗೆ ಹಣ್ಣಿನ ಬಣ್ಣ, ಗಟ್ಟಿತನಗಳೇ ಬೇಕಾದಷ್ಟು ಹೇಳುತ್ತವೆ. ಆದರೆ ಕಣ್ಣಿಗೂ ಕೈಗೂ ಏನನ್ನೂ ಹೇಳದ ಸರಕುಗಳು ಕೆಲವಿವೆ. ಕೊಂಡ ದಿನ ಒಳ್ಳೆಯದೂ ಕೆಟ್ಟದ್ದೂ ಒಂದೇ ರೀತಿ ಕಾಣುತ್ತವೆ. ವ್ಯತ್ಯಾಸ ತಿಳಿಯುವ ಹೊತ್ತಿಗೆ ಹಣ ಕೈಬಿಟ್ಟು ಹೋಗಿರುತ್ತದೆ. ಈ ಸೀಮೆಯ ರೈತರಿಗೆ ಅಂಥ ಸರಕೊಂದರ ಪರಿಚಯ ತಲೆಮಾರುಗಳಿಂದ ಇದೆ. ಅದು ರೇಷ್ಮೆಹುಳುವಿನ ಮೊಟ್ಟೆ. ಈಗ ಅದೇ ಜಾತಿಗೆ ಸೇರಿದ ಇನ್ನೊಂದು ಸರಕು ಮನೆಮನೆಗೂ ಬಂದಿದೆ. ಅದು ಬ್ಯಾಟರಿ.

ಒಂದು ಕಾಲಕ್ಕೆ ಹಳ್ಳಿಯವರ ಪಾಲಿಗೆ ಬ್ಯಾಟರಿ ಎಂದರೆ ಟಾರ್ಚು, ಟ್ರಾನ್ಸಿಸ್ಟರ್ ರೇಡಿಯೊಗಳ ಸೆಲ್ಲು ಮಾತ್ರವಾಗಿತ್ತು. ಶಕ್ತಿ ಕುಂದಿದ ಸೆಲ್ಲನ್ನು ಬಿಸಿಲಿಗಿಟ್ಟು ಇನ್ನೆರಡು ದಿನ ದೂಡುತ್ತಿದ್ದರು. ಕೆಟ್ಟರೆ ನಷ್ಟ ಕೆಲವೇ ರೂಪಾಯಿ. ಇಂದಿನ ಲೆಕ್ಕ ಬೇರೆ. ಕರೆಂಟು ಹೋದಾಗ ಮನೆ, ಅಂಗಡಿ, ಹುಳು ಸಾಕುವ ಕೊಠಡಿಗಳಿಗೆ ಬೆಳಕು ಕೊಡುವ ಯುಪಿಎಸ್, ಸೌರದೀಪ, ವಿದ್ಯುತ್ ಸ್ಕೂಟರ್, ಬಾಡಿಗೆ ಆಟೊ ಎಲ್ಲವೂ ಬ್ಯಾಟರಿಯನ್ನೇ ನಂಬಿವೆ. ಒಂದೊಂದರ ಬೆಲೆ ಸಾವಿರಾರು ರೂಪಾಯಿ, ಕೆಲವದು ಲಕ್ಷದ ಹತ್ತಿರ. ಎಷ್ಟೋ ಮನೆಗಳಲ್ಲಿ ಅದು ಸಾಲದ ಹಣ. ಅಂಗಡಿಯ ಫಲಕಗಳಲ್ಲಿ ‘ಲಿಥಿಯಂ’, ‘ಗ್ರಾಫೀನ್’, ‘ಸೋಡಿಯಂ’ ಎಂಬ ಹೊಸ ಹೊಸ ಮಂತ್ರಗಳು. ಇವುಗಳಲ್ಲಿ ಯಾವುದು ನಿಜ, ಯಾವುದು ಬರಿಯ ಪ್ರಚಾರ? ಯಾರಿಂದ ಕೊಂಡರೆ ಮೂರು ವರ್ಷದ ನಂತರವೂ ಪಶ್ಚಾತ್ತಾಪವಾಗದು? ವಿದ್ಯುತ್ತನ್ನು ಕೂಡಿಡುವ ಪೆಟ್ಟಿಗೆ ಮಾರುಕಟ್ಟೆಗೆ ಬಂದ ದಿನವೇ ಈ ಪ್ರಶ್ನೆಯೂ ಹುಟ್ಟಿತು. ಅದಕ್ಕೆ ಇತಿಹಾಸದಲ್ಲಿ ಉತ್ತರವೂ ಇದೆ.

ಮೊಟ್ಟೆ ಕಲಿಸಿದ ಪಾಠ

ಮೊದಲು ನಮಗೆ ಹತ್ತಿರದ ಕಥೆಯನ್ನೇ ನೋಡೋಣ. ಮೈಸೂರು ಸೀಮೆಯಲ್ಲಿ ರೇಷ್ಮೆ ಕೃಷಿ ಬೇರೂರಿದ್ದು 18ನೇ ಶತಮಾನದ ಕೊನೆಗೆ, ಟಿಪ್ಪು ಸುಲ್ತಾನನ ಆಸಕ್ತಿಯಿಂದ. ರೇಷ್ಮೆಗೆ ಅಂಟಿದ ದೊಡ್ಡ ಶಾಪ ಗಂಟುರೋಗ. ತಾಯಿಚಿಟ್ಟೆಯಿಂದ ಮೊಟ್ಟೆಗೆ ಇಳಿದುಬರುವ ಈ ಸೋಂಕು ಮೊಟ್ಟೆಯ ಮೇಲೆ ಯಾವ ಗುರುತನ್ನೂ ಬಿಡುವುದಿಲ್ಲ. ಹುಳು ಹಣ್ಣಾಗಿ ಚಂದ್ರಿಕೆ ಏರಲು ಮೊಟ್ಟೆಯೊಡೆದ ದಿನದಿಂದ ಸುಮಾರು 25 ದಿನ ಬೇಕು. ಅಷ್ಟು ದಿನವೂ ಹಿಪ್ಪುನೇರಳೆ ಸೊಪ್ಪು ಹಾಕಿ, ರಾತ್ರಿ ಹಗಲು ದುಡಿದ ಮೇಲೆ ಬೆಳೆ ಕೈಕೊಟ್ಟರೆ ರೈತ ಮೊಟ್ಟೆ ಮಾರಿದವನನ್ನು ಹುಡುಕಿಕೊಂಡು ಹೋಗುವುದಾದರೂ ಎಲ್ಲಿಗೆ?

ಈ ಕಗ್ಗಂಟನ್ನು ಬಿಡಿಸಿದವರು ಫ್ರಾನ್ಸಿನ ಲೂಯಿ ಪಾಶ್ಚರ್. 1865ರಲ್ಲಿ ಸರ್ಕಾರದ ಕೋರಿಕೆಯಂತೆ ಅವರು ರೋಗದ ಅಧ್ಯಯನಕ್ಕೆ ತೊಡಗಿದರು. ಕೆಲವು ವರ್ಷಗಳ ನಂತರ ಅವರು ಕೊಟ್ಟ ಉಪಾಯ ಸರಳವಾಗಿತ್ತು. ಪ್ರತಿ ಚಿಟ್ಟೆಯನ್ನೂ ಬೇರೆಬೇರೆಯಾಗಿ ಮೊಟ್ಟೆಯಿಡಲು ಬಿಡಬೇಕು. ಆಮೇಲೆ ಆ ಚಿಟ್ಟೆಯನ್ನು ಅರೆದು ಸೂಕ್ಷ್ಮದರ್ಶಕದಲ್ಲಿ ನೋಡಬೇಕು. ರೋಗಕಣ ಕಂಡರೆ ಅದರ ಮೊಟ್ಟೆಯನ್ನು ಸುಡಬೇಕು. ಮೊಟ್ಟೆ ತನ್ನ ಗುಣವನ್ನು ತಾನೇ ಹೇಳದಿದ್ದರೂ ಅದರ ಹುಟ್ಟನ್ನು ಪರೀಕ್ಷಿಸಿ ತಿಳಿಯಬಹುದೆಂಬುದು ಇದರಿಂದ ಸಿದ್ಧವಾಯಿತು.

ಚಿಕ್ಕಬಳ್ಳಾಪುರ ಸಮೀಪದ ಮುದ್ದೇನಹಳ್ಳಿಯ ಎಂ. ವಿಶ್ವೇಶ್ವರಯ್ಯನವರು ಮೈಸೂರಿನ ದಿವಾನರಾಗಿದ್ದ 1912ರಿಂದ 1918ರ ಅವಧಿಯಲ್ಲಿ ಇಟಲಿಯ ರೇಷ್ಮೆ ತಜ್ಞ ವಾಷಿಂಗ್ಟನ್ ಮಾರಿ ಇಲ್ಲಿಗೆ ಬಂದರು. ಚನ್ನಪಟ್ಟಣದಲ್ಲಿ ಸರ್ಕಾರಿ ರೇಷ್ಮೆ ಫಾರಂ ಆರಂಭವಾಯಿತು. ರೋಗರಹಿತ ಮೊಟ್ಟೆ ತಯಾರಿಸುವ ಬಿತ್ತನೆ ಕೋಠಿಗಳು ನಿಧಾನವಾಗಿ ಹಬ್ಬಿದವು. 1959ರ ಕಾಯಿದೆ ರೇಷ್ಮೆ ಬಿತ್ತನೆ, ಗೂಡು ಮತ್ತು ನೂಲಿನ ಉತ್ಪಾದನೆ, ಮಾರಾಟಗಳನ್ನು ನಿಯಂತ್ರಣಕ್ಕೆ ತಂದಿತು. ಮೊಟ್ಟೆ ತಯಾರಿಸುವವನಿಗೆ ಪರವಾನಗಿ ಬೇಕಾಯಿತು. ಯಾರು ತಯಾರಿಸಿದ್ದೆಂದು ಹೇಳಬಲ್ಲ ಮೊಟ್ಟೆಗೆ ಬೆಲೆ ಬಂತು. ಇಷ್ಟೆಲ್ಲ ಆದ ಮೇಲೂ ರೈತ ತನ್ನದೇ ಪರೀಕ್ಷೆಯೊಂದನ್ನು ಬಿಟ್ಟಿಲ್ಲ. ಹೊಸ ತಳಿಯ ಹೆಸರು ಎಷ್ಟೇ ಕೇಳಿಬಂದರೂ ಕಳೆದ ಬೆಳೆಯಲ್ಲಿ ಪಕ್ಕದವನಿಗೆ ನೂರು ಮೊಟ್ಟೆಗೆ ಎಷ್ಟು ಕೆ.ಜಿ. ಗೂಡು ಸಿಕ್ಕಿತೆಂದು ಕೇಳಿಯೇ ಮುಂದುವರಿಯುತ್ತಾನೆ.

ಪೆಟ್ಟಿಗೆಯೊಳಗಿನ ವಿದ್ಯುತ್ತು

ಪಾಶ್ಚರ್ ರೇಷ್ಮೆಹುಳುವಿನ ಹಿಂದೆ ಬೀಳುವ ಕೆಲವೇ ವರ್ಷ ಮೊದಲು, ಅದೇ ಫ್ರಾನ್ಸಿನಲ್ಲಿ, ಗ್ಯಾಸ್ಟನ್ ಪ್ಲಾಂಟೆ ಎಂಬ ವಿಜ್ಞಾನಿ ಸೀಸದ ಎರಡು ಹಾಳೆಗಳನ್ನು ಸುರುಳಿ ಸುತ್ತಿ ಗಂಧಕಾಮ್ಲದಲ್ಲಿ ಮುಳುಗಿಸಿದ. ಇದು ನಡೆದದ್ದು 1859ರಲ್ಲಿ. ಇಟಲಿಯ ವೋಲ್ಟಾ 1800ರಲ್ಲಿ ಪ್ರಕಟಿಸಿದ ವಿದ್ಯುತ್ಕೋಶ ಒಮ್ಮೆ ಸವೆದರೆ ಮುಗಿಯಿತು. ಪ್ಲಾಂಟೆಯ ಕೋಶಕ್ಕೆ ಮತ್ತೆ ಮತ್ತೆ ವಿದ್ಯುತ್ ತುಂಬಬಹುದಾಗಿತ್ತು. ಇಂದಿಗೂ ಟ್ರ್ಯಾಕ್ಟರಿನ ಬದಿಯಲ್ಲಿ, ಯುಪಿಎಸ್ ಪಕ್ಕದಲ್ಲಿ ಕೂತಿರುವ ಸೀಸದ ಬ್ಯಾಟರಿ ಆ ಕೋಶದ ಮರಿಮಗು.

1881ರಲ್ಲಿ ಕಾಮಿಲ್ ಫೋರ್ ಎಂಬಾತ ಸೀಸದ ಫಲಕಗಳಿಗೆ ಸೀಸದ ಆಕ್ಸೈಡನ್ನು ಹಿಟ್ಟಿನಂತೆ ಮೆತ್ತಿ ಕೋಶದ ಧಾರಣಶಕ್ತಿಯನ್ನು ಬಹಳವಾಗಿ ಹೆಚ್ಚಿಸಿದ. ವಿದ್ಯುತ್ ತುಂಬಿದ ಅಂಥ ಪೆಟ್ಟಿಗೆಯೊಂದನ್ನು ಪ್ಯಾರಿಸ್‌ನಿಂದ ಗ್ಲಾಸ್ಗೋಗೆ ಒಯ್ದು, ಮುಂದೆ ಲಾರ್ಡ್ ಕೆಲ್ವಿನ್ ಎನಿಸಿಕೊಂಡ ವಿಲಿಯಂ ಥಾಮ್ಸನ್ ಅವರ ಕೈಗೆ ಒಪ್ಪಿಸಲಾಯಿತು. ವಿದ್ಯುತ್ತನ್ನು ಡಬ್ಬಿಯಲ್ಲಿ ತುಂಬಿ ಊರಿಂದೂರಿಗೆ ಸಾಗಿಸಬಹುದೆಂಬ ಸುದ್ದಿ ಲಂಡನ್ನಿನ ಪತ್ರಿಕೆಗಳಲ್ಲಿ ಗುಲ್ಲೆಬ್ಬಿಸಿತು. ಕಂಪನಿಗಳು ಹುಟ್ಟಿದವು, ಷೇರುಗಳು ಮಾರಾಟವಾದವು. ಆದರೆ ಮೆತ್ತಿದ ಹಿಟ್ಟು ಕೆಲವು ಬಾರಿ ತುಂಬಿ ಬರಿದು ಮಾಡುವಷ್ಟರಲ್ಲಿ ಉದುರಿ ತಳ ಸೇರುತ್ತಿತ್ತು. ಪ್ರದರ್ಶನದ ದಿನ ಬೆಳಗಿದ ಪೆಟ್ಟಿಗೆ ತಿಂಗಳುಗಳಲ್ಲಿ ಸೊರಗುತ್ತಿತ್ತು.

ಇಲ್ಲಿ ಕೊಂಚ ನಿಲ್ಲಬೇಕು. ಫೋರ್ ಮೋಸಗಾರನಲ್ಲ, ಆತನ ಕಲ್ಪನೆ ಸರಿಯಾಗಿಯೇ ಇತ್ತು. ಹಿಟ್ಟು ಉದುರದಂತೆ ಹಿಡಿದುಕೊಳ್ಳುವ ಜಾಲರಿಯ ಫಲಕಗಳು ಬಂದ ಮೇಲೆ ಅದೇ ತತ್ವ ಜಗತ್ತನ್ನೆಲ್ಲ ಆವರಿಸಿತು. ಕಷ್ಟಕ್ಕೆ ಸಿಕ್ಕವರು ಈ ಎರಡರ ನಡುವಿನ ವರ್ಷಗಳಲ್ಲಿ ಹಣ ಕೊಟ್ಟು ಕೊಂಡವರು. ಪ್ರಯೋಗಾಲಯದಲ್ಲಿ ನಿಜವಾದದ್ದು ಪೇಟೆಯಲ್ಲಿ ನಿಜವಾಗಲು ಕಾಲ ಹಿಡಿಯುತ್ತದೆ. ಪ್ರಚಾರ ಆ ಕಾಲವನ್ನು ಮರೆಮಾಡುತ್ತದೆ.

ಎಡಿಸನ್ನರ ಎರಡು ಮುಖ

ಆ ಗದ್ದಲವನ್ನು ಕಂಡು ಸಿಡಿದವರಲ್ಲಿ ಅಮೆರಿಕದ ಥಾಮಸ್ ಎಡಿಸನ್ ಒಬ್ಬರು. ಶೇಖರಣಾ ಬ್ಯಾಟರಿ ಎಂಬುದು ಷೇರು ಕಂಪನಿಗಳು ಜನರನ್ನು ವಂಚಿಸಲು ಹೂಡಿದ ಆಟ ಎಂಬರ್ಥದ ಮಾತನ್ನು ಅವರು 1883ರಲ್ಲಿ ಪತ್ರಿಕೆಯವರಿಗೆ ಹೇಳಿದರು. ಸುಮಾರು 20 ವರ್ಷದ ನಂತರ ಅದೇ ಎಡಿಸನ್ ತಾವೇ ಬ್ಯಾಟರಿ ಕಂಪನಿ ಕಟ್ಟಿದರು. ನಿಕ್ಕಲ್ ಮತ್ತು ಕಬ್ಬಿಣದ ತಮ್ಮ ಹೊಸ ಬ್ಯಾಟರಿ ಸೀಸವನ್ನು ಮೂಲೆಗೆ ತಳ್ಳುತ್ತದೆ, ವಿದ್ಯುತ್ ಬಂಡಿಗಳ ಯುಗವನ್ನು ತೆರೆಯುತ್ತದೆ ಎಂದು ಸಾರಿದರು. ಎಡಿಸನ್ ಹೇಳಿದ್ದೆಂದರೆ ಪತ್ರಿಕೆಗಳಿಗೆ ವೇದವಾಕ್ಯ.

1903ರ ಸುಮಾರಿಗೆ ಬ್ಯಾಟರಿ ಪೇಟೆಗೆ ಬಂತು. ಸ್ವಲ್ಪ ಕಾಲದಲ್ಲೇ ಡಬ್ಬಿಗಳು ಒಸರತೊಡಗಿದವು. ಹಲವು ಕೋಶಗಳು ಶಕ್ತಿ ಕಳೆದುಕೊಂಡವು. ಆಗ ಎಡಿಸನ್ ಮಾಡಿದ್ದನ್ನು ನೆನಪಿಡಬೇಕು. 1904ರ ಕೊನೆಗೆ ಅವರು ತಯಾರಿಕೆಯನ್ನೇ ನಿಲ್ಲಿಸಿದರು. ಕೆಟ್ಟ ಬ್ಯಾಟರಿಗಳನ್ನು ಹಿಂದಕ್ಕೆ ಪಡೆದರು. ಮತ್ತೆ ಪ್ರಯೋಗಶಾಲೆಗೆ ಮರಳಿ ವರ್ಷಗಟ್ಟಲೆ ದುಡಿದು, ಸುಧಾರಿಸಿದ ಬ್ಯಾಟರಿಯನ್ನು 1909ರ ವೇಳೆಗೆ ಹೊರತಂದರು. ಅದು ಗಟ್ಟಿಮುಟ್ಟಾದ ಬ್ಯಾಟರಿಯೇ ಆಗಿತ್ತು. ಆದರೆ ಅಷ್ಟರಲ್ಲಿ ಪೆಟ್ರೋಲ್ ಕಾರು ಅಗ್ಗವಾಗಿತ್ತು. ಎಡಿಸನ್ನರ ಬ್ಯಾಟರಿ ಗಣಿಗಳಲ್ಲಿ, ರೈಲ್ವೆಯಲ್ಲಿ ನೆಲೆ ಕಂಡಿತೇ ವಿನಾ ಕಾರಿನ ಯುಗವನ್ನು ತಿರುಗಿಸಲಿಲ್ಲ. ದೊಡ್ಡ ಹೆಸರಿನವರ ಭವಿಷ್ಯವಾಣಿಯೂ ಸುಳ್ಳಾಗಬಹುದು ಎಂಬುದು ಈ ಕಥೆಯ ಒಂದು ಮುಖ. ಸರಕು ಕೆಟ್ಟಾಗ ಹಿಂದಕ್ಕೆ ಪಡೆಯುವವನೇ ನಂಬಿಕೆಗೆ ಅರ್ಹ ಎಂಬುದು ಇನ್ನೊಂದು ಮುಖ.

ಅದೇ ದೇಶದ ಹಾರ್ಟ್‌ಫರ್ಡ್ ಪಟ್ಟಣದ ವಿದ್ಯುತ್ ಕಂಪನಿ ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು. ವಿದ್ಯುತ್ ಲಾರಿ ಕೊಳ್ಳುವವರು ಬ್ಯಾಟರಿಯನ್ನು ಕೊಳ್ಳಬೇಕಿರಲಿಲ್ಲ. ಬ್ಯಾಟರಿ ಕಂಪನಿಯದೇ, ಲಾರಿ ಓಡಿದ ಮೈಲಿಗೆ ಇಷ್ಟೆಂದು ಹಣ ಕೊಟ್ಟರೆ ಸಾಕು. ಬರಿದಾದದ್ದನ್ನು ಕೊಟ್ಟು ತುಂಬಿದ್ದನ್ನು ಪಡೆಯಬಹುದಿತ್ತು. 1910ರಿಂದ 1924ರವರೆಗೆ ನಡೆದ ಈ ವ್ಯವಸ್ಥೆಯಲ್ಲಿ ಲಾರಿಗಳು ಒಟ್ಟು 60 ಲಕ್ಷ ಮೈಲಿಗೂ ಹೆಚ್ಚು ಓಡಿದವು. ಬ್ಯಾಟರಿ ಬೇಗ ಕೆಟ್ಟರೆ ನಷ್ಟ ಕಂಪನಿಗೇ. ಹಾಗಾಗಿ ಒಳ್ಳೆಯ ಬ್ಯಾಟರಿಯನ್ನು ಆರಿಸಿ, ಚೆನ್ನಾಗಿ ನೋಡಿಕೊಳ್ಳುವ ಗರಜು ಅದಕ್ಕೇ ಇತ್ತು. ಈಗ ನಮ್ಮ ನಗರಗಳಲ್ಲಿ ಕಾಣುವ ಬ್ಯಾಟರಿ ಬದಲಾವಣೆ ಕೇಂದ್ರಗಳ ಹಿಂದಿನ ವಿಚಾರಕ್ಕೆ ಹೀಗೆ ನೂರು ವರ್ಷ ದಾಟಿದೆ.

ಕನ್ನಡನಾಡಿನ ಅನುಭವ

ಪರದೇಶದ ಕಥೆಗಳು ಸಾಕು ಎನ್ನುವವರಿಗೆ ನಮ್ಮಲ್ಲೂ ನಿದರ್ಶನಗಳುಂಟು. ಬೆಂಗಳೂರಿನ ಮೈನಿ ಸಮೂಹ ಅಮೆರಿಕದ ಕಂಪನಿಯೊಂದರ ಜೊತೆಗೂಡಿ ‘ರೇವಾ’ ಎಂಬ ಪುಟ್ಟ ವಿದ್ಯುತ್ ಕಾರನ್ನು 2001ರಲ್ಲಿ ಮಾರಾಟಕ್ಕೆ ತಂದಿತು. ಅದರಲ್ಲಿದ್ದದ್ದು 6 ವೋಲ್ಟಿನ 8 ಸೀಸದ ಬ್ಯಾಟರಿಗಳು. ಒಮ್ಮೆ ಚಾರ್ಜು ಮಾಡಿದರೆ ಸುಮಾರು 80 ಕಿ.ಮೀ. ಎಂಬುದು ಲೆಕ್ಕ. ಲಂಡನ್ನಿನ ಬೀದಿಗಳಲ್ಲೂ ಅದು ಬೇರೆ ಹೆಸರಿನಿಂದ ಓಡಿತು. 2009ರಲ್ಲಿ ಲಿಥಿಯಂ ಬ್ಯಾಟರಿಯ ಮಾದರಿ ಬಂತು. 2010ರಲ್ಲಿ ಕಂಪನಿ ಮಹೀಂದ್ರದ ಪಾಲಾಯಿತು. ಈ ಕಾರು ಬ್ಯಾಟರಿಯ ವಿಷಯದಲ್ಲಿ ಒಂದು ಸರಳ ಸತ್ಯವನ್ನು ಮುಂದಿಟ್ಟಿತು. ಸೀಸದ ಬ್ಯಾಟರಿಗಳ ಆಯಸ್ಸು ಕಾರಿನ ಆಯಸ್ಸಿಗಿಂತ ಬಹಳ ಕಡಿಮೆ. ಹಾಗಿರುವಾಗ ಮುಂದಿನ ಬ್ಯಾಟರಿಯ ಬೆಲೆಯನ್ನೂ ಸೇರಿಸದೆ ಬಂಡಿಯ ಬೆಲೆ ಹೇಳುವುದು ಅರ್ಧ ಲೆಕ್ಕ. ವಿದ್ಯುತ್ ಸ್ಕೂಟರ್ ಕೊಳ್ಳುವ ಇಂದಿನವರಿಗೂ ಈ ಮಾತು ಸಲ್ಲುತ್ತದೆ.

ಇನ್ನೊಂದು ನಿದರ್ಶನ ಹಳ್ಳಿಗಳದು. ಹರೀಶ್ ಹಂದೆಯವರು 1995ರಲ್ಲಿ ಕಟ್ಟಿದ ಸೆಲ್ಕೊ ಸಂಸ್ಥೆ ಕರ್ನಾಟಕದ ಹಳ್ಳಿಮನೆಗಳಿಗೆ ಸೌರದೀಪ ಕೊಡತೊಡಗಿತು. ಸೌರಫಲಕ ಬಹುಕಾಲ ಬಾಳುವ ವಸ್ತು. ವ್ಯವಸ್ಥೆಯಲ್ಲಿ ಬೇಗ ಸೋಲುವುದು ಬ್ಯಾಟರಿ. ದೀಪ ತೂಗುಹಾಕಿ ಹೊರಟುಬಿಟ್ಟರೆ ಎರಡು ಮೂರು ವರ್ಷದಲ್ಲಿ ಮನೆ ಮತ್ತೆ ಕತ್ತಲು. ಬ್ಯಾಂಕ್ ಸಾಲದ ಏರ್ಪಾಟಿನ ಜೊತೆಗೆ, ಹತ್ತಿರದ ಪಟ್ಟಣಗಳಲ್ಲಿ ಸೇವಾಕೇಂದ್ರ ತೆರೆದು ಬಂದು ನೋಡುವ ಜನರನ್ನು ಇಟ್ಟದ್ದು ಸೆಲ್ಕೊದ ದಾರಿ. ಹಂದೆಯವರಿಗೆ 2011ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಬಂತು. ಹೊಸ ತಂತ್ರಜ್ಞಾನವೊಂದೇ ಸಾಲದು, ಅದರ ಹಿಂದೆ ದುರಸ್ತಿಗೆ ಬರುವ ಮನುಷ್ಯ ಇರಬೇಕು ಎಂಬುದಕ್ಕೆ ಇದು ಸಾಕ್ಷಿ.

ಮೂರನೆಯದು ಮಂಡ್ಯದ್ದು. 2020ರ ಆರಂಭದಲ್ಲಿ ಮಂಡ್ಯ ಜಿಲ್ಲೆಯ ಮರಳಗಾಲ ಪ್ರದೇಶದಲ್ಲಿ 14,100 ಟನ್ ಲಿಥಿಯಂ ಇದೆ ಎಂಬ ಅಂದಾಜು ಪತ್ರಿಕೆಗಳಲ್ಲಿ ಮೆರೆಯಿತು. ನಾಡು ಬ್ಯಾಟರಿಗಳ ತವರಾಯಿತೆಂದೇ ಹಲವರು ಹಿಗ್ಗಿದರು. ಮರುವರ್ಷ ಕೇಂದ್ರ ಸರ್ಕಾರ ಸಂಸತ್ತಿಗೆ ತಿಳಿಸಿದ ಅಂಕಿ 1,600 ಟನ್. ಅದೂ ಪ್ರಾಥಮಿಕ ಸಮೀಕ್ಷೆಯ ಲೆಕ್ಕ. ಒಂದೇ ವರ್ಷದಲ್ಲಿ ಸಂಖ್ಯೆ ಒಂಬತ್ತನೆಯ ಒಂದು ಭಾಗದಷ್ಟಾಯಿತು. ಬೆಳ್ಳಗಿರುವುದೆಲ್ಲ ಹಾಲಲ್ಲ ಎಂಬ ಗಾದೆ ಅಂಕಿಗಳಿಗೂ ಅನ್ವಯಿಸುತ್ತದೆ.

ಹಾಗೆಂದು ಲಿಥಿಯಂ ಬರಿಯ ಗುಲ್ಲಲ್ಲ. ಸೋನಿ ಕಂಪನಿ 1991ರಲ್ಲಿ ಮಾರುಕಟ್ಟೆಗೆ ತಂದ ಲಿಥಿಯಂ ಅಯಾನ್ ಬ್ಯಾಟರಿ ಜಗತ್ತನ್ನೇ ಬದಲಿಸಿದೆ. 2019ರ ರಸಾಯನ ವಿಜ್ಞಾನದ ನೊಬೆಲ್ ಅದನ್ನು ರೂಪಿಸಿದ ಮೂವರಿಗೆ ಸಂದಿತು. ನಮ್ಮ ಪಕ್ಕದ ದೇವನಹಳ್ಳಿ ಸಮೀಪದ ಹರಳೂರಿನಲ್ಲಿ ಲಿಥಿಯಂ ಕೋಶಗಳ ಕಾರ್ಖಾನೆಗೆ 2022ರಲ್ಲಿ ಶಂಕುಸ್ಥಾಪನೆಯಾಯಿತು. ಅದೇ 2022ರಲ್ಲಿ ದೇಶದ ಹಲವೆಡೆ ವಿದ್ಯುತ್ ಸ್ಕೂಟರುಗಳಿಗೆ ಬೆಂಕಿ ಹತ್ತಿ ಸಾವುಗಳೂ ಸಂಭವಿಸಿದವು. ಅದರ ಬೆನ್ನಿಗೇ ವಾಹನಗಳ ಬ್ಯಾಟರಿಗೆ ಎಐಎಸ್ 156 ಎಂಬ ಮಾನದಂಡ ಬಿಗಿಯಾಯಿತು. ಆ ವರ್ಷದ ಡಿಸೆಂಬರ್ ಮತ್ತು 2023ರ ಮಾರ್ಚ್ ಕೊನೆ ಹೀಗೆ ಎರಡು ಹಂತಗಳಲ್ಲಿ ಅದು ಜಾರಿಗೆ ಬಂತು. ಗಂಟುರೋಗ ಬಂದ ಮೇಲೆ ಸೂಕ್ಷ್ಮದರ್ಶಕ ಬಂದಂತೆ, ಇಲ್ಲಿಯೂ ಪರೀಕ್ಷೆ ಬಂದದ್ದು ನಷ್ಟವಾದ ಮೇಲೆಯೇ.

ಅಂಗಡಿಯಲ್ಲಿ ಕೇಳಬೇಕಾದ್ದು

ಈ ಇತಿಹಾಸದಿಂದ ಸಾಮಾನ್ಯ ಗ್ರಾಹಕನಿಗೆ ಸಿಗುವ ಉಪಯೋಗವೇನು? ಗೌರಿಬಿದನೂರು ತಾಲ್ಲೂಕಿನ ಹೊಸೂರಿನಲ್ಲಿ 1920ರಲ್ಲಿ ಹುಟ್ಟಿದ ಎಚ್. ನರಸಿಂಹಯ್ಯನವರು ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದಾಗ ಪವಾಡಗಳನ್ನು ಪರೀಕ್ಷಿಸಲು ಸಮಿತಿ ರಚಿಸಿ ಹೆಸರಾದವರು. ಪ್ರಶ್ನೆ ಕೇಳದೆ ಯಾವುದನ್ನೂ ಒಪ್ಪಬಾರದೆಂಬುದು ಅವರ ಜೀವನದ ನಿಲುವು. ಬ್ಯಾಟರಿ ಅಂಗಡಿಯಲ್ಲೂ ಅದೇ ನಿಲುವು ಸಾಕು. ಪ್ರಶ್ನೆಗಳು ಮಾತ್ರ ಸರಿಯಾಗಿರಬೇಕು.

ಮೊದಲನೆಯದು ಅಳತೆ. ಡಬ್ಬಿಯ ಮೇಲೆ 12 ವೋಲ್ಟ್, 150 ಆಂಪಿಯರ್ ಅವರ್ ಎಂದಿದ್ದರೆ ಎರಡನ್ನೂ ಗುಣಿಸಿ. 1,800 ವಾಟ್ ಅವರ್, ಅಂದರೆ ಕರೆಂಟ್ ಬಿಲ್ಲಿನ ಭಾಷೆಯಲ್ಲಿ 1.8 ಯೂನಿಟ್. ಸೀಸದ ಬ್ಯಾಟರಿಯನ್ನು ದಿನವೂ ಪೂರ್ತಿ ಬರಿದು ಮಾಡಿದರೆ ಬೇಗ ಸಾಯುತ್ತದೆ. ಅರ್ಧಕ್ಕೆ ನಿಲ್ಲಿಸುವುದು ಕ್ಷೇಮ. ಉಳಿದ 900ರಲ್ಲಿ ಯುಪಿಎಸ್ ನುಂಗುವುದನ್ನು ಕಳೆದರೆ ಎರಡು ಫ್ಯಾನು, ಐದು ಎಲ್‌ಇಡಿ ದೀಪಗಳು ಮೂರೂವರೆ ಗಂಟೆ ನಡೆಯಬಹುದು. ಇದೇ ಬ್ಯಾಟರಿ ‘ರಾತ್ರಿಯಿಡೀ’ ಇಷ್ಟನ್ನೂ ನಡೆಸುತ್ತದೆ ಎನ್ನುವವನ ಲೆಕ್ಕ ತಪ್ಪು, ಇಲ್ಲವೇ ಮಾತು ತಪ್ಪು.

ಎರಡನೆಯದು ಆ ಅಳತೆಯ ಷರತ್ತು. 150ರ ಪಕ್ಕದಲ್ಲಿ ಸಿ20 ಅಥವಾ ಸಿ10 ಎಂದು ಬರೆದಿರುತ್ತದೆ. ಸಿ20 ಎಂದರೆ 20 ಗಂಟೆಯಲ್ಲಿ ನಿಧಾನವಾಗಿ, ಏಳೂವರೆ ಆಂಪಿಯರ್‌ನಂತೆ ಬಳಸಿದಾಗ ಸಿಗುವ ಶಕ್ತಿ. ಅದನ್ನೇ 10 ಗಂಟೆಯಲ್ಲಿ ಹಿಂಡಿದರೆ ಸಿಗುವುದು ಕಡಿಮೆ. ಆದ್ದರಿಂದ ಸಿ10ರ 150, ಸಿ20ರ 150ಕ್ಕಿಂತ ದೊಡ್ಡ ಬ್ಯಾಟರಿ. ಎರಡು ಅಂಗಡಿಗಳ ಬೆಲೆ ಹೋಲಿಸುವ ಮುನ್ನ ಈ ಚಿಕ್ಕ ಅಕ್ಷರವನ್ನು ಓದಬೇಕು. ಸ್ಥಾವರ ಬಳಕೆಯ ಕೊಳವೆ ಫಲಕದ ಸೀಸದ ಬ್ಯಾಟರಿಗೆ ಐಎಸ್ 13369 ಎಂಬ ಭಾರತೀಯ ಮಾನಕವಿದೆ. ಅದರ ಗುರುತಿದೆಯೇ ನೋಡಬೇಕು. ತೂಕವೂ ಮಾತಾಡುತ್ತದೆ. ಇಷ್ಟು ಶಕ್ತಿಯ ಕೊಳವೆ ಫಲಕದ ಬ್ಯಾಟರಿ ಆಮ್ಲ ಸೇರಿ ಸಾಮಾನ್ಯವಾಗಿ 50ರಿಂದ 60 ಕೆ.ಜಿ. ತೂಗುತ್ತದೆ. ತೀರ ಹಗುರವಿದ್ದರೆ ಸೀಸ ಕಡಿಮೆ ಎಂದೇ ಅರ್ಥ.

ಮೂರನೆಯದು ಆಯಸ್ಸು. ಲಿಥಿಯಂ ಮಾರುವವರು ‘ಸಾವಿರಾರು ಸಲ ಚಾರ್ಜು’ ಎನ್ನುತ್ತಾರೆ. ಪ್ರತಿ ಸಲ ಎಷ್ಟು ಭಾಗ ಬಳಸಿದಾಗ, ಎಷ್ಟು ಸೆಕೆಯಲ್ಲಿ, ಕೊನೆಗೆ ಎಷ್ಟು ಶಕ್ತಿ ಉಳಿಯುವವರೆಗೆ ಎಂದು ಕೇಳಬೇಕು. ಮೂರಕ್ಕೂ ಬರಹದಲ್ಲಿ ಉತ್ತರ ಕೊಡುವವನು ತನ್ನ ಸರಕನ್ನು ಬಲ್ಲವನು. ಒಳಗಿನ ರಸಾಯನ ಯಾವುದು, ಕೋಶಗಳನ್ನು ಕಾಯುವ ವಿದ್ಯುನ್ಮಾನ ಫಲಕ ಇದೆಯೇ ಎಂಬುದನ್ನೂ ಕೇಳಬೇಕು. ‘ಗ್ರಾಫೀನ್’ ಎಂಬ ಪದ ಡಬ್ಬಿಯ ಮೇಲಿದ್ದರೆ ಅದರಿಂದ ಯಾವ ಅಂಕಿ ಎಷ್ಟು ಹೆಚ್ಚಿತು ಎಂದು ವಿಚಾರಿಸಬೇಕು. ಅಂಕಿ ಇಲ್ಲದ ಪದಕ್ಕೆ ಹೆಚ್ಚಿನ ಹಣ ಕೊಡಬೇಕಾಗಿಲ್ಲ.

ನಾಲ್ಕನೆಯದು ಖಾತರಿ. ಚೀಟಿಯಲ್ಲಿ ‘60 ತಿಂಗಳು’ ಎಂದಿದ್ದರೂ ಪೂರ್ತಿ ಉಚಿತ ಬದಲಾವಣೆ ಅದರಲ್ಲೊಂದು ಭಾಗಕ್ಕೆ ಮಾತ್ರ ಇರಬಹುದು. ಉಳಿದ ತಿಂಗಳುಗಳಿಗೆ ರಿಯಾಯಿತಿಯಷ್ಟೇ. ತಯಾರಾದ ತಿಂಗಳು, ಕ್ರಮಸಂಖ್ಯೆಗಳು ಬಿಲ್ಲಿನಲ್ಲಿ ನಮೂದಾಗಲಿ. ಗೋದಾಮಿನಲ್ಲಿ ತಿಂಗಳುಗಟ್ಟಲೆ ಕೂತ ಸೀಸದ ಬ್ಯಾಟರಿ ಮಾರುವ ಮೊದಲೇ ಮುಪ್ಪಾಗಿರುತ್ತದೆ. ಕೆಟ್ಟರೆ ಪರೀಕ್ಷಿಸುವವರು ಚಿಂತಾಮಣಿಗೇ ಬರುತ್ತಾರೋ, ನಾವೇ ಹೊತ್ತು ಬೆಂಗಳೂರಿಗೆ ಹೋಗಬೇಕೋ ಎಂಬುದು ಮೊದಲೇ ಸ್ಪಷ್ಟವಾಗಲಿ. 2019ರ ಗ್ರಾಹಕ ಸಂರಕ್ಷಣಾ ಕಾಯಿದೆಯ ಪ್ರಕಾರ ಗ್ರಾಹಕ ತಾನು ವಾಸಿಸುವ ಜಿಲ್ಲೆಯ ಆಯೋಗದಲ್ಲೇ ದೂರು ಕೊಡಬಹುದು. ಆದರೆ ಕೈಯಲ್ಲಿ ಬಿಲ್ಲಿಲ್ಲದೆ ಗೆಲ್ಲುವುದು ಕಷ್ಟ.

ಐದನೆಯದು ಹಳೆಯ ಬ್ಯಾಟರಿ. 2022ರ ಬ್ಯಾಟರಿ ತ್ಯಾಜ್ಯ ನಿಯಮಗಳು ಬಳಸಿ ಮುಗಿದ ಬ್ಯಾಟರಿಯನ್ನು ಸಂಗ್ರಹಿಸಿ ಮರುಬಳಕೆಗೆ ಕಳಿಸುವ ಹೊಣೆಯನ್ನು ತಯಾರಕರ ಮೇಲೆ ಹೊರಿಸಿವೆ. ಹಳೆಯದನ್ನು ತೂಗಿ ನ್ಯಾಯವಾದ ಬೆಲೆ ಕಳೆದುಕೊಡುವ ಅಂಗಡಿ ಆ ಸರಪಳಿಗೆ ಸೇರಿದ್ದು. ಗುಜರಿಯಲ್ಲಿ ಒಡೆದು ಆಮ್ಲವನ್ನು ಮೋರಿಗೆ ಸುರಿದರೆ ಸೀಸದ ವಿಷ ಸೇರುವುದು ನಮ್ಮದೇ ಮಣ್ಣಿಗೆ, ನೀರಿಗೆ.

ಮಾರುವವನ ಹೊಣೆಯ ಜೊತೆಗೆ ಕೊಳ್ಳುವವನ ಹೊಣೆಯೂ ಉಂಟು. ನಮ್ಮ ಕೊಳವೆಬಾವಿಗಳ ನೀರು ಗಡಸು. ಈ ಜಿಲ್ಲೆಯ ಎಷ್ಟೋ ಊರುಗಳಲ್ಲಿ ಅದರಲ್ಲಿ ಫ್ಲೋರೈಡೂ ಹೆಚ್ಚು. ಅದನ್ನು ಬ್ಯಾಟರಿಗೆ ತುಂಬಿದರೆ ಲವಣಗಳು ಫಲಕವನ್ನು ಹಾಳು ಮಾಡುತ್ತವೆ. ಭಟ್ಟಿ ಇಳಿಸಿದ ನೀರೇ ಬೇಕು. ಸೆಕೆಯೂ ಶತ್ರು. ತಾಪ ಸುಮಾರು 10 ಡಿಗ್ರಿ ಸೆಲ್ಸಿಯಸ್ ಏರಿದರೆ ಸೀಸದ ಬ್ಯಾಟರಿಯ ಆಯಸ್ಸು ಅರ್ಧಕ್ಕಿಳಿಯುತ್ತದೆ. ತಗಡಿನ ಮಾಡಿನ ಕೆಳಗೆ, ಒಲೆಯ ಪಕ್ಕ ಇಟ್ಟ ಬ್ಯಾಟರಿ ಕೆಟ್ಟರೆ ಅಂಗಡಿಯವನನ್ನು ದೂರಿ ಫಲವಿಲ್ಲ.

ಇಷ್ಟೆಲ್ಲ ಕೇಳುವುದು ದೊಡ್ಡ ಶ್ರಮವೇನಲ್ಲ. ಶಿಡ್ಲಘಟ್ಟದ ರೈತ ಮೊಟ್ಟೆಯ ವಿಷಯದಲ್ಲಿ ಇದನ್ನೇ ಮಾಡುತ್ತ ಬಂದಿದ್ದಾನೆ. ಯಾರು ತಯಾರಿಸಿದ್ದು, ಪರೀಕ್ಷೆಯಾಗಿದೆಯೇ, ಕಳೆದ ಸಲ ಯಾರ ಮನೆಯಲ್ಲಿ ಹೇಗೆ ಬಂತು ಎಂಬ ಅವನ ಮೂರು ಪ್ರಶ್ನೆಗಳಿಗೆ ಬ್ಯಾಟರಿಯೂ ಉತ್ತರ ಕೊಡಬೇಕು. ಮೂರು ವರ್ಷದಿಂದ ಅದೇ ಅಂಗಡಿಯ ಬ್ಯಾಟರಿ ಬಳಸುತ್ತಿರುವ ನೆರೆಮನೆಯವರ ಅನುಭವಕ್ಕೆ ಯಾವ ಜಾಹೀರಾತೂ ಸಮನಾಗದು.